ಚೌರಿ, ಹೇರ್ ಎಕ್ಸ್‌ಟೆನ್ಷನ್: ಎಷ್ಟು ಉದ್ದದ್ದು ನಿಮಗೆ ಸರಿ?

"ಎಷ್ಟು ಇಂಚಿನದು ಕೊಡಲಿ?" ಚೌರಿ ಅಥವಾ ಹೇರ್ ಎಕ್ಸ್‌ಟೆನ್ಷನ್ ಕೊಳ್ಳಲು ಹೋದರೆ ಅಂಗಡಿಯವರು ಕೇಳುವ ಮೊದಲ ಪ್ರಶ್ನೆ ಇದು. ನಮ್ಮಲ್ಲಿ ಹೆಚ್ಚಿನವರು ಕನ್ನಡಿ ನೋಡಿಕೊಂಡು, ಇಲ್ಲವೇ ಹಳೆಯ ಫೋಟೊ ನೆನೆದು "ಸೊಂಟದವರೆಗೆ ಬರಲಿ" ಎಂದುಬಿಡುತ್ತೇವೆ. ಆರೋಗ್ಯವಾಗಿರುವ, ದಟ್ಟ ಕೂದಲಿನವರು ಒಂದು ದಿನದ ಸಮಾರಂಭಕ್ಕೆ ಹಾಗೆ ಹಾಕಿಕೊಂಡರೆ ದೊಡ್ಡ ತೊಂದರೆಯಾಗದಿರಬಹುದು. ಆದರೆ ಡೆಂಗಿ, ಟೈಫಾಯ್ಡ್, ಹೆರಿಗೆ, ದೊಡ್ಡ ಶಸ್ತ್ರಚಿಕಿತ್ಸೆ ಅಥವಾ ಕೀಮೋಥೆರಪಿಯ ನಂತರ ಕೂದಲು ಕಳೆದುಕೊಂಡವರು ಈ ಪ್ರಶ್ನೆಗೆ ಕನ್ನಡಿ ನೋಡಿ ಉತ್ತರ ಕೊಡಬಾರದು.

ನಾನು ಫಾರ್ಮಸಿ ಕೌಂಟರ್‌ನಲ್ಲಿ ಕೆಲಸ ಮಾಡುತ್ತಿದ್ದಾಗ ಒಬ್ಬ ಯುವತಿ ತಲೆನೋವಿನ ಮಾತ್ರೆ ಕೇಳಿಕೊಂಡು ಬಂದರು. ಎಷ್ಟು ದಿನದಿಂದ ನೋವು ಎಂದು ಕೇಳಿದೆ. "ಮೂರು ದಿನ ಆಯಿತು, ಕೂದಲು ಹಾಕಿಸಿಕೊಂಡಾಗಿನಿಂದ" ಎಂದರು. ಹೆರಿಗೆಯಾಗಿ ಐದು ತಿಂಗಳಾಗಿತ್ತು. ಕೂದಲು ತುಂಬ ಉದುರಿದೆಯೆಂದು 24 ಇಂಚಿನ ಎಕ್ಸ್‌ಟೆನ್ಷನ್ ಅಂಟಿಸಿಕೊಂಡಿದ್ದರು. ರಾತ್ರಿ ದಿಂಬಿಗೆ ತಲೆ ಇಟ್ಟರೆ ನೋವಂತೆ. ಹಣೆಯ ಅಂಚಿನಲ್ಲಿ ಸಣ್ಣ ಕೆಂಪು ಗುಳ್ಳೆಗಳೂ ಎದ್ದಿದ್ದವು. ಅವರಿಗೆ ಬೇಕಾಗಿದ್ದು ಮಾತ್ರೆಯಲ್ಲ, ಆ ಭಾರವನ್ನು ಇಳಿಸುವುದು. ಇಂದಿನ ಲೇಖನದ ಸಾರಾಂಶವೂ ಅಷ್ಟೇ: ಉದ್ದ ಎಂದರೆ ತೂಕ. ಎಷ್ಟು ಉದ್ದ ಎನ್ನುವುದನ್ನು ನಿಮ್ಮ ಆಸೆಗಿಂತ ಮೊದಲು ನಿಮ್ಮ ಸ್ವಂತ ಕೂದಲಿನ ಬೇರು ನಿರ್ಧರಿಸಬೇಕು.

ಹೆಸರು ಹಲವು, ಕೆಲಸ ಒಂದೇ

ನಮ್ಮ ಅಜ್ಜಿಯರ ಕಾಲದ ಚೌರಿಗೂ ಇಂದಿನ ಸಲೂನ್‌ನ ಎಕ್ಸ್‌ಟೆನ್ಷನ್‌ಗೂ ಮೂಲ ಕೆಲಸ ಒಂದೇ. ಬೇರೆ ಕೂದಲನ್ನು ನಿಮ್ಮ ಕೂದಲಿಗೆ ಜೋಡಿಸುವುದು. ಮುಂಬೈ, ಪುಣೆಯ ಅಂಗಡಿಗಳಲ್ಲಿ ಇದನ್ನು ಗಂಗಾವನ ಎನ್ನುತ್ತಾರೆ, ಚೆನ್ನೈನಲ್ಲಿ ಸವುರಿ, ಹೈದರಾಬಾದಿನಲ್ಲಿ ಸವರಂ. ಊರಿನಿಂದ ದೂರ ಇರುವವರು ಈ ಹೆಸರು ಹೇಳಿ ಕೇಳಿದರೆ ಹಳೆಯ ಮಾದರಿಯದ್ದು ಬೇಗ ಸಿಗುತ್ತದೆ.

ಜೋಡಿಸುವ ವಿಧಾನದ ಪ್ರಕಾರ ಇವುಗಳನ್ನು ಎರಡು ಗುಂಪು ಮಾಡಿಕೊಳ್ಳಬಹುದು.

ದಿನವೂ ತೆಗೆದಿಡುವಂಥವು: ಜಡೆಗೆ ಸೇರಿಸಿ ಹೆಣೆಯುವ ಚೌರಿ, ಕ್ಲಿಪ್ ಹಾಕುವ ಪಟ್ಟಿಗಳು, ತಲೆಯ ಸುತ್ತ ತೆಳು ದಾರದ ಮೇಲೆ ಕೂರುವ ಹೇಲೊ ಮಾದರಿ.

ವಾರಗಟ್ಟಲೆ ತಲೆಯಲ್ಲೇ ಇರುವಂಥವು: ಟೇಪ್‌ನಿಂದ ಅಂಟಿಸಿದವು, ಬಿಸಿ ಮಾಡಿ ಕೆರಾಟಿನ್ ಅಂಟಿನಿಂದ ಕೂಡಿಸಿದವು, ಸಣ್ಣ ಲೋಹದ ಉಂಗುರದಲ್ಲಿ ಸಿಕ್ಕಿಸಿದವು, ಬಿಗಿಯಾಗಿ ಹೆಣೆದ ಸ್ವಂತ ಕೂದಲಿಗೆ ಹೊಲಿದವು.

ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಈ ವ್ಯತ್ಯಾಸ ಬಹಳ ಮುಖ್ಯ. ಮೊದಲ ಗುಂಪಿನದ್ದು ಭಾರವಾದರೂ ರಾತ್ರಿ ತೆಗೆದಿಟ್ಟರೆ ಬೇರಿಗೆ ವಿಶ್ರಾಂತಿ ಸಿಗುತ್ತದೆ. ಎರಡನೆಯ ಗುಂಪಿನದ್ದು ನೀವು ಮಲಗಿದ್ದಾಗಲೂ ಎಳೆಯುತ್ತಲೇ ಇರುತ್ತದೆ.

ಉದ್ದ ಹೆಚ್ಚಾದರೆ ಏನಾಗುತ್ತದೆ?

ಅಂಗಡಿಯಲ್ಲಿ 12, 14, 16, 18, 20, 22, 24 ಇಂಚು ಎಂದು ಅಳತೆಗಳಿರುತ್ತವೆ. ದಪ್ಪ ಒಂದೇ ಇದ್ದರೆ 12 ಇಂಚಿನದಕ್ಕಿಂತ 24 ಇಂಚಿನದು ಎರಡು ಪಟ್ಟು ತೂಗುತ್ತದೆ. ಆ ತೂಕ ನೇತಾಡುವುದು ನಿಮ್ಮ ಸ್ವಂತ ಕೂದಲಿನ ಬೇರಿನ ಮೇಲೆ.

ಇನ್ನೊಂದು ಮೋಸವೂ ಇದೆ. ಹಲವು ಪ್ಯಾಕೆಟ್‌ಗಳು ಉದ್ದ ಎಷ್ಟೇ ಇರಲಿ, 100 ಗ್ರಾಂ ಎಂದು ತೂಕದ ಲೆಕ್ಕದಲ್ಲಿ ಬರುತ್ತವೆ. ಅದೇ 100 ಗ್ರಾಂ 14 ಇಂಚಿನಲ್ಲಿ ದಟ್ಟವಾಗಿ ಕಾಣುತ್ತದೆ, 24 ಇಂಚಿನಲ್ಲಿ ತುದಿ ಇಲಿಬಾಲದಂತೆ ತೆಳುವಾಗುತ್ತದೆ. ಆಗ "ಇನ್ನೊಂದು ಪ್ಯಾಕೆಟ್ ಹಾಕಿಬಿಡಿ" ಎನ್ನುತ್ತೇವೆ. ತೂಕ 200 ಗ್ರಾಂ ಆಗುತ್ತದೆ. ಮದುವೆಯಲ್ಲಾದರೆ ಅದರ ಮೇಲೆ ಮೊಗ್ಗಿನ ಜಡೆ, ಜಡೆ ಬಿಲ್ಲೆ, ಕುಚ್ಚು ಎಲ್ಲ ಸೇರುತ್ತವೆ. ಅಂದರೆ ಕಾಲು ಕೆಜಿಗೂ ಹೆಚ್ಚು ಭಾರವನ್ನು ಕೂದಲಿಗೆ ಕಟ್ಟಿದಂತೆ.

ಹೀಗೆ ದಿನಗಟ್ಟಲೆ, ತಿಂಗಳುಗಟ್ಟಲೆ ಎಳೆದಾಗ ಆಗುವ ಕೂದಲು ಉದುರುವಿಕೆಗೆ ಟ್ರ್ಯಾಕ್ಷನ್ ಅಲೋಪೀಸಿಯಾ ಎಂದು ಹೆಸರು. ಎಳೆತದಿಂದ ಬರುವ ಬೋಳು ಎಂದರೂ ಸರಿ. ಸಾಮಾನ್ಯವಾಗಿ ಹಣೆಯ ಅಂಚು, ಕಿವಿಯ ಮುಂಭಾಗ ಮತ್ತು ಎಳೆತ ಹೆಚ್ಚಿರುವ ಕಡೆ ಇದು ಶುರುವಾಗುತ್ತದೆ. ಆರಂಭದಲ್ಲೇ ಎಳೆತ ನಿಲ್ಲಿಸಿದರೆ ಕೂದಲು ಮತ್ತೆ ಬರುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಬೇರಿನ ಜಾಗದಲ್ಲಿ ಗಾಯದ ಕಲೆಯಂಥ ಅಂಗಾಂಶ ಬೆಳೆದು, ಅಲ್ಲಿ ಮತ್ತೆಂದೂ ಕೂದಲು ಬೆಳೆಯದಂತಾಗಬಹುದು. ಕಾಯಿಲೆಯಿಂದ ಉದುರಿದ ಕೂದಲು ಬಹುತೇಕ ತಾನಾಗಿಯೇ ಮರಳಿ ಬರುವಂಥದ್ದು. ಅದನ್ನು ಮುಚ್ಚಲು ಹೋಗಿ, ಮರಳಿ ಬಾರದಂತೆ ಕಳೆದುಕೊಳ್ಳುವುದು ಬೇಡ.

ಮೊದಲು ನಿಮ್ಮ ಕೂದಲನ್ನು ಅಳೆಯಿರಿ

ಕೊಳ್ಳುವ ಕೂದಲಿನ ಉದ್ದಕ್ಕಿಂತ ಮೊದಲು ನಿಮ್ಮ ಕೂದಲಿನ ಉದ್ದ ನೋಡಬೇಕು. ಟೇಪ್ ಮಾದರಿಗೆ ಸುಮಾರು 10 ಸೆಂ.ಮೀ. (4 ಇಂಚು) ಸ್ವಂತ ಕೂದಲು ಬೇಕೆಂಬುದು ಸಲೂನ್‌ಗಳ ಸಾಮಾನ್ಯ ಲೆಕ್ಕ. ಕ್ಲಿಪ್ ಪಟ್ಟಿಗಳು ಹೊರಗೆ ಕಾಣದಂತೆ ಮುಚ್ಚಲು 12ರಿಂದ 15 ಸೆಂ.ಮೀ. ಬೇಕಾಗುತ್ತದೆ. ಚೌರಿಗೆ ನಿಮ್ಮ ಕೂದಲಿನಿಂದಲೇ ಮೂರ್ನಾಲ್ಕು ಹೆಣಿಗೆಯಾದರೂ ಬರಬೇಕು, ಇಲ್ಲದಿದ್ದರೆ ಅದು ಜಾರುತ್ತದೆ. ಜಾರದಿರಲೆಂದು ಬಿಗಿದರೆ ಎಳೆಯುತ್ತದೆ.

ಇವು ಕನಿಷ್ಠ ಉದ್ದಗಳು ಮಾತ್ರ. ಉದ್ದ ಇದೆ ಎಂದಮಾತ್ರಕ್ಕೆ ಶಕ್ತಿ ಇದೆ ಎಂದಲ್ಲ. ಹೊಸದಾಗಿ ಬಂದ ಕೂದಲು ಮಗುವಿನ ಕೂದಲಿನಂತೆ ನವಿರಾಗಿದ್ದರೆ, ಬಾಚಿದಾಗ ನಡುವೆಯೇ ತುಂಡಾಗುತ್ತಿದ್ದರೆ, ನೆತ್ತಿಯ ಚರ್ಮ ಕಾಣುವಷ್ಟು ತೆಳುವಾಗಿದ್ದರೆ ಅಂಟಿಸುವ ಅಥವಾ ಹೊಲಿಯುವ ವಿಧಾನ ಬೇಡ.

ಕೀಮೋಥೆರಪಿಯ ನಂತರ: ತಿಂಗಳಿನ ಲೆಕ್ಕ

ಎಲ್ಲ ಕೀಮೋ ಔಷಧಿಗಳಿಂದಲೂ ಕೂದಲು ಪೂರ್ತಿ ಹೋಗುವುದಿಲ್ಲ. ಹೋಗುವಂಥ ಔಷಧಿಯಾದರೆ ಸಾಮಾನ್ಯವಾಗಿ ಮೊದಲ ಡೋಸ್ ಆದ 2ರಿಂದ 4 ವಾರಗಳಲ್ಲಿ ಉದುರಲು ಶುರುವಾಗುತ್ತದೆ. ಚಿಕಿತ್ಸೆ ಮುಗಿದು 1ರಿಂದ 3 ತಿಂಗಳಲ್ಲಿ ಮತ್ತೆ ಚಿಗುರುತ್ತದೆ. ನೇರ ಕೂದಲಿದ್ದವರಿಗೆ ಗುಂಗುರು ಬರಬಹುದು, ಬಣ್ಣವೂ ಬದಲಾಗಬಹುದು. ತಲೆಗೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂ.ಮೀ.

ಒಂದು ಉದಾಹರಣೆ ನೋಡೋಣ. ತಾಯಿಗೆ ಜನವರಿ ಕೊನೆಯಲ್ಲಿ ಕೀಮೋ ಮುಗಿದಿದೆ. ಡಿಸೆಂಬರ್‌ನಲ್ಲಿ ಮಗಳ ಮದುವೆ. "ಅಷ್ಟರಲ್ಲಿ ಜಡೆ ಹಾಕಿಕೊಳ್ಳಬಹುದಲ್ಲವೇ?" ಎಂದು ಮನೆಯವರು ಕೇಳುತ್ತಾರೆ. ಮಾರ್ಚ್ ಕೊನೆಗೆ ಕೂದಲು ಚಿಗುರಿತು ಎಂದುಕೊಂಡರೆ ಡಿಸೆಂಬರ್ ಹೊತ್ತಿಗೆ 8ರಿಂದ 9 ಸೆಂ.ಮೀ. ಆಗಿರುತ್ತದೆ. ಅಂದರೆ ಹೆಚ್ಚೆಂದರೆ ಸುಮಾರು ಮೂರೂವರೆ ಇಂಚು. ಟೇಪ್‌ಗೂ ಅದು ಸಾಲದು, ಚೌರಿಗಂತೂ ಆಗುವುದೇ ಇಲ್ಲ.

ಈ ಲೆಕ್ಕ ಮೊದಲೇ ಗೊತ್ತಿದ್ದರೆ ಕೊನೆಯ ವಾರದ ನಿರಾಸೆ ತಪ್ಪುತ್ತದೆ. ಆ ತಾಯಿಗೆ ಎರಡು ಒಳ್ಳೆಯ ದಾರಿಗಳಿವೆ. ಒಂದು, ಮೃದುವಾದ ಒಳಪದರವಿರುವ ವಿಗ್. ಅದನ್ನೇ ತುರುಬು ಮಾಡಿ ಹೂವು ಮುಡಿಸಬಹುದು. ಇನ್ನೊಂದು, ಚಿಗುರಿದ ಗಿಡ್ಡ ಕೂದಲನ್ನು ಹಾಗೆಯೇ ಅಂದವಾಗಿ ಕತ್ತರಿಸಿಕೊಂಡು, ಹಗುರವಾದ ಹೂವಿನ ಬ್ಯಾಂಡ್ ಹಾಕಿಕೊಳ್ಳುವುದು. ಯಾವುದೆಂದು ನಿರ್ಧರಿಸಬೇಕಾದವರು ಅವರೇ, ನೆಂಟರಲ್ಲ.

ವಿಗ್‌ಗೂ ಉದ್ದದ ಮಾತು ಅನ್ವಯಿಸುತ್ತದೆ. ಭುಜಕ್ಕಿಂತ ಕೆಳಗೆ ಇಳಿಯುವ ವಿಗ್ ಕುತ್ತಿಗೆಯ ಹಿಂಭಾಗದಲ್ಲಿ ಉಜ್ಜಿ ಗಂಟಾಗುತ್ತದೆ, ಭಾರಕ್ಕೆ ಹಿಂದಕ್ಕೆ ಜಾರುತ್ತದೆ, ಚೆನ್ನೈ ಅಥವಾ ಮುಂಬೈನ ಸೆಕೆಯಲ್ಲಿ ಬೆವರು ಹೆಚ್ಚಿಸುತ್ತದೆ. ಗಲ್ಲದಿಂದ ಭುಜದ ನಡುವೆ ನಿಲ್ಲುವ ಉದ್ದ ದಿನಬಳಕೆಗೆ ಆರಾಮ. ಉದ್ದದ್ದು ಅಗ್ಗವೂ ಅಲ್ಲ. ಮನುಷ್ಯರ ನಿಜಕೂದಲು 24 ಇಂಚು, ಅಂದರೆ ಸುಮಾರು 60 ಸೆಂ.ಮೀ. ಬೆಳೆಯಲು ಒಬ್ಬರ ತಲೆಯಲ್ಲಿ ಐದು ವರ್ಷ ಬೇಕು. ಉದ್ದ ಹೆಚ್ಚಿದಂತೆ ಬೆಲೆ ಏರಲು ಇದೂ ಒಂದು ಕಾರಣ. ಚಿಕಿತ್ಸೆಯ ಖರ್ಚಿನ ನಡುವೆ ಆ ಹಣ ಉಳಿದರೆ ಒಳ್ಳೆಯದು.

ಜ್ವರ, ಹೆರಿಗೆಯ ನಂತರ ಉದುರುತ್ತಿದ್ದರೆ

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಜೋರು ಜ್ವರ, ಶಸ್ತ್ರಚಿಕಿತ್ಸೆ ಅಥವಾ ಹೆರಿಗೆಯಾದ 2–3 ತಿಂಗಳ ನಂತರ ಇದು ಒಮ್ಮೆಲೇ ಹೆಚ್ಚಾಗಬಹುದು. ಬಾಚಣಿಗೆ ತುಂಬ, ಬಚ್ಚಲು ತುಂಬ ಕೂದಲು ಕಂಡು ಗಾಬರಿಯಾಗುತ್ತದೆ. ವೈದ್ಯರು ಇದನ್ನು ಟೆಲೋಜೆನ್ ಎಫ್ಲುವಿಯಂ ಎನ್ನುತ್ತಾರೆ. ಕಾರಣ ಕಳೆದುಹೋಗಿದ್ದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ನಿಲ್ಲುತ್ತದೆ, ಆಮೇಲೆ ನಿಧಾನವಾಗಿ ದಟ್ಟವಾಗುತ್ತದೆ.

ಉದುರುತ್ತಿರುವ ಕಾಲದಲ್ಲಿ ಎಕ್ಸ್‌ಟೆನ್ಷನ್ ಅಂಟಿಸಬೇಡಿ. ಹತ್ತು ಕೂದಲು ಹೊರಬೇಕಾದ ಭಾರವನ್ನು ಆರು ಕೂದಲು ಹೊರಬೇಕಾಗುತ್ತದೆ. ಸಮಾರಂಭಕ್ಕೆ ಬೇಕೇ ಬೇಕು ಎಂದಾದರೆ ಹೇಲೊ ಮಾದರಿ ಅಥವಾ ಒಂದೆರಡು ಕ್ಲಿಪ್ ಪಟ್ಟಿ, ಅದೂ 12–14 ಇಂಚಿನದು, ಕೆಲವೇ ಗಂಟೆಗಳಿಗೆ ಸಾಕು. ಆರು ತಿಂಗಳಾದರೂ ಉದುರುವುದು ನಿಲ್ಲದಿದ್ದರೆ ವೈದ್ಯರನ್ನು ಕಾಣಿ. ರಕ್ತಹೀನತೆ, ಕಬ್ಬಿಣದ ಕೊರತೆ, ಥೈರಾಯ್ಡ್ ತೊಂದರೆಯೂ ಕಾರಣವಿರಬಹುದು.

ಇಲ್ಲೊಂದು ಔಷಧಿಯ ಮಾತು. ಕೂದಲು ಬೇಗ ಬೆಳೆಯಲೆಂದು ಹಲವರು ಬಯೋಟಿನ್ ಮಾತ್ರೆಯನ್ನು ತಾವೇ ಕೊಂಡು ನುಂಗುತ್ತಾರೆ. ಹೆಚ್ಚು ಪ್ರಮಾಣದ ಬಯೋಟಿನ್ ಥೈರಾಯ್ಡ್ ಹಾಗೂ ಹೃದಯಕ್ಕೆ ಸಂಬಂಧಿಸಿದ ಕೆಲವು ರಕ್ತಪರೀಕ್ಷೆಗಳ ಫಲಿತಾಂಶವನ್ನು ತಪ್ಪಾಗಿ ತೋರಿಸಬಹುದು. ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆ ಮೊದಲೇ ವೈದ್ಯರಿಗೆ ಮತ್ತು ಲ್ಯಾಬ್‌ನವರಿಗೆ ಹೇಳಿ.

ದಾರ ಹಿಡಿದು ಅಳೆಯುವ ವಿಧಾನ

ನಿಮ್ಮ ಕೂದಲು ಹೊರಬಲ್ಲದು ಎಂದು ಖಚಿತವಾದ ಮೇಲೆ ಉದ್ದ ಆರಿಸಬಹುದು. ಪ್ಯಾಕೆಟ್ ಮೇಲಿನ ಚಿತ್ರ ನೋಡಬೇಡಿ. ಚಿತ್ರದಲ್ಲಿರುವವರ ಎತ್ತರವೇ ಬೇರೆ, ನಿಮ್ಮದೇ ಬೇರೆ. ಒಬ್ಬರಿಗೆ ಎದೆಯವರೆಗೆ ಬರುವ 18 ಇಂಚು ಕುಳ್ಳಗಿರುವ ಇನ್ನೊಬ್ಬರಿಗೆ ಸೊಂಟದ ಹತ್ತಿರ ಬರುತ್ತದೆ. ಹೀಗೆ ಮಾಡಿ:

1. ನೆಟ್ಟಗೆ ನಿಂತುಕೊಳ್ಳಿ. ತಲೆಯ ಹಿಂಭಾಗದಲ್ಲಿ, ಕಿವಿಯ ಮೇಲ್ತುದಿಯ ಮಟ್ಟದಲ್ಲಿ ದಾರದ ಒಂದು ತುದಿಯನ್ನು ಮನೆಯವರು ಹಿಡಿಯಲಿ. ಕ್ಲಿಪ್ ಅಥವಾ ಟೇಪ್ ಕೂರುವುದು ಹೆಚ್ಚುಕಡಿಮೆ ಅಲ್ಲಿ.

2. ಕೂದಲು ಎಲ್ಲಿಯವರೆಗೆ ಬರಬೇಕೋ ಅಲ್ಲಿಯವರೆಗೆ ದಾರ ಇಳಿಬಿಟ್ಟು ಗುರುತು ಮಾಡಿ.

3. ದರ್ಜಿಯ ಟೇಪಿನಲ್ಲಿ ದಾರವನ್ನು ಅಳೆಯಿರಿ. ಅಳತೆ 17 ಬಂದರೆ 18 ಅಲ್ಲ, 16 ಕೊಳ್ಳಿ. ಯಾವಾಗಲೂ ಕೆಳಗಿನ ಅಳತೆಗೆ ಇಳಿಯಿರಿ.

4. ನಿಮ್ಮ ಸ್ವಂತ ಕೂದಲು ಎಲ್ಲಿಗೆ ನಿಲ್ಲುತ್ತದೆ ನೋಡಿ. ಕತ್ತಿನವರೆಗಿನ ಕೂದಲಿಗೆ 22 ಇಂಚು ಸೇರಿಸಿದರೆ ಎರಡರ ನಡುವೆ ಮೆಟ್ಟಿಲು ಕಟ್ಟಿದಂತೆ ಕಾಣುತ್ತದೆ. ವ್ಯತ್ಯಾಸ ಕಡಿಮೆಯಿದ್ದಷ್ಟೂ ಸಹಜ.

ಎರಡು ವಿಷಯ ನೆನಪಿಡಿ. ಗುಂಗುರು ಕೂದಲನ್ನೂ ಎಳೆದು ನೇರ ಮಾಡಿ ಅಳೆದಿರುತ್ತಾರೆ, ಬಿಟ್ಟಾಗ ಅದು ಗಿಡ್ಡ ಕಾಣುತ್ತದೆ. ಹಾಗೆಯೇ ಹೆಣೆದಾಗಲೂ ಉದ್ದ ಕಡಿಮೆಯಾಗುತ್ತದೆ. ಈ ಎರಡು ಸಂದರ್ಭಗಳಲ್ಲಿ ಒಂದು ಅಳತೆ ಹೆಚ್ಚು ಬೇಕಾಗಬಹುದು. ಹಾಗಾದರೆ ಪಟ್ಟಿಗಳ ಸಂಖ್ಯೆ ಕಡಿಮೆ ಮಾಡಿ ತೂಕ ಸರಿದೂಗಿಸಿ. ಉದ್ದವಿದ್ದರೆ ಕತ್ತರಿಸಿ ಗಿಡ್ಡ ಮಾಡಬಹುದು ಎಂಬುದು ನಿಜ, ಆದರೆ ಹಾಕಿಕೊಳ್ಳುವ ಮೊದಲೇ ಕತ್ತರಿಸಿಕೊಳ್ಳಿ.

ಚಿಕಿತ್ಸೆ ನಡೆಯುತ್ತಿದ್ದರೆ

ಎಂಆರ್‌ಐ: ಕ್ಲಿಪ್ ಮತ್ತು ಉಂಗುರಗಳಲ್ಲಿ ಲೋಹವಿರುತ್ತದೆ. ಸ್ಕ್ಯಾನ್‌ಗೆ ಮೊದಲು ತೆಗೆಯಬೇಕು. ತೆಗೆಯಲಾಗದ ಉಂಗುರ ಹಾಕಿಸಿಕೊಂಡು ಹೋದರೆ ಸ್ಕ್ಯಾನ್ ಮುಂದಕ್ಕೆ ಹೋಗಬಹುದು. ಮುಂದೆ ಸ್ಕ್ಯಾನ್, ಇಇಜಿ ಅಥವಾ ತಲೆಯ ಶಸ್ತ್ರಚಿಕಿತ್ಸೆ ಇದೆಯೆಂದರೆ ದಿನವೂ ತೆಗೆದಿಡುವ ಮಾದರಿಯೇ ಇರಲಿ.

ರೇಡಿಯೇಷನ್: ಕುತ್ತಿಗೆ ಅಥವಾ ಎದೆಗೆ ರೇಡಿಯೇಷನ್ ಆಗುತ್ತಿದ್ದರೆ ಅಲ್ಲಿನ ಚರ್ಮ ಸೂಕ್ಷ್ಮವಾಗಿರುತ್ತದೆ. ಉದ್ದ ಕೂದಲಿನ ತುದಿ ಅಲ್ಲಿ ಉಜ್ಜುತ್ತಿರಬಾರದು. ಆ ಜಾಗವನ್ನು ಮುಟ್ಟದಷ್ಟು ಗಿಡ್ಡದ್ದನ್ನು ಆರಿಸಿ, ಇಲ್ಲವೇ ಮೇಲಕ್ಕೆ ಕಟ್ಟಿ. ತಲೆಗೇ ರೇಡಿಯೇಷನ್ ಆಗಿದ್ದರೆ ಏನನ್ನೂ ಜೋಡಿಸುವ ಮೊದಲು ನಿಮ್ಮ ವೈದ್ಯರನ್ನು ಕೇಳಿ.

ಮಿನಾಕ್ಸಿಡಿಲ್: ಇದನ್ನು ಕೂದಲಿಗಲ್ಲ, ನೆತ್ತಿಯ ಚರ್ಮಕ್ಕೆ ಹಚ್ಚಬೇಕು. ಅಂಟಿಸಿದ ಪಟ್ಟಿಗಳ ಕೆಳಗೆ ಅದು ಸರಿಯಾಗಿ ತಲುಪುವುದಿಲ್ಲ. ದ್ರಾವಣದಲ್ಲಿರುವ ಆಲ್ಕೋಹಾಲ್ ಅಂಟನ್ನೂ ಸಡಿಲಿಸುತ್ತದೆ. ತಲೆಗೆ ಎಣ್ಣೆ ಹಚ್ಚಿದರೂ ಟೇಪ್ ಸಡಿಲವಾಗುತ್ತದೆ. ಮಿನಾಕ್ಸಿಡಿಲ್ ಹಚ್ಚುತ್ತಿರುವವರಿಗೆ ಕ್ಲಿಪ್ ಮಾದರಿಯೇ ಸೂಕ್ತ. ಹಚ್ಚಿದ ಔಷಧಿ ಪೂರ್ತಿ ಒಣಗಿದ ಮೇಲೆ ಹಾಕಿಕೊಳ್ಳಿ.

ಅಂಟಿನ ಅಲರ್ಜಿ: ಕೆಲವು ಅಂಟುಗಳಲ್ಲಿರುವ ಅಕ್ರಿಲೇಟ್ ಎಂಬ ರಾಸಾಯನಿಕ ಕೆಲವರಿಗೆ ತುರಿಕೆ, ಊತ ತರುತ್ತದೆ. ಮೊದಲು ಬ್ಯಾಂಡ್‌ಏಡ್ ಅಥವಾ ಹೇರ್ ಡೈನಿಂದ ಚರ್ಮ ಕೆಂಪಾಗಿದ್ದರೆ ಸಲೂನ್‌ನವರಿಗೆ ಹೇಳಿ.

ಅಡುಗೆಮನೆ: ಸಿಂಥೆಟಿಕ್ ಕೂದಲು ಬಿಸಿಗೆ ಕರಗುತ್ತದೆ. ಉದ್ದ ಕೂದಲು ಬಗ್ಗಿದಾಗ ಒಲೆಯ ಕಡೆಗೆ ಜಾರುತ್ತದೆ. ಗ್ಯಾಸ್ ಮುಂದೆ ನಿಲ್ಲುವಾಗ ಕಟ್ಟಿಕೊಳ್ಳಿ, ಅಥವಾ ತೆಗೆದಿಡಿ.

ಹಾಕಿಕೊಂಡ ಮೇಲೆ ಗಮನಿಸಿ

ಹಾಕಿಸಿಕೊಂಡ ದಿನ ಹುಬ್ಬು ಎತ್ತಿ ನೋಡಿ. ಹಣೆ ಎಳೆದಂತಾದರೆ ಬಿಗಿ ಹೆಚ್ಚಾಗಿದೆ. ಮಲಗಿದಾಗ ನೋವು, ಬೇರಿನ ಸುತ್ತ ಕೆಂಪು, ಸಣ್ಣ ಗುಳ್ಳೆ, ಹಣೆಯ ಅಂಚಿನಲ್ಲಿ ಮುರಿದ ಗಿಡ್ಡ ಕೂದಲು, ಇವೆಲ್ಲ ಎಳೆತದ ಸೂಚನೆಗಳು. "ಎರಡು ದಿನದಲ್ಲಿ ಅಭ್ಯಾಸವಾಗುತ್ತದೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪ್ಯಾರಸಿಟಮಾಲ್ ನುಂಗಿ ಸಹಿಸಿಕೊಳ್ಳಬೇಡಿ. ಮಾತ್ರೆ ನೋವನ್ನು ಮರೆಸುತ್ತದೆಯೇ ಹೊರತು ಎಳೆತವನ್ನು ನಿಲ್ಲಿಸುವುದಿಲ್ಲ. ತೆಗೆಸಿಬಿಡಿ. ಅಂಟಿಸಿದ್ದನ್ನು ಮನೆಯಲ್ಲಿ ಕಿತ್ತರೆ ಸ್ವಂತ ಕೂದಲೂ ಬರುತ್ತದೆ, ಹಾಕಿದವರಿಂದಲೇ ತೆಗೆಸಿ.

ಕೀವು, ಜ್ವರ, ದುಂಡಗೆ ಬೋಳಾದ ಜಾಗ ಅಥವಾ ನುಣುಪಾಗಿ ಹೊಳೆಯುವ ಚರ್ಮ ಕಂಡರೆ ಚರ್ಮವೈದ್ಯರನ್ನು ಕಾಣಿ. ಕೀಮೋ ನಡೆಯುತ್ತಿರುವವರಿಗೆ ಜ್ವರ ಬಂದರೆ ತಡಮಾಡದೆ, ಅದೇ ದಿನ ಚಿಕಿತ್ಸೆ ನೀಡುತ್ತಿರುವ ಆಸ್ಪತ್ರೆಗೆ ತಿಳಿಸಿ.

ಆರೈಕೆ ಮಾಡುವವರಿಗೆ

ಹಾಸಿಗೆಯಲ್ಲೇ ಹೆಚ್ಚು ಹೊತ್ತು ಇರುವವರಿಗೆ ಉದ್ದ ಕೂದಲು ಬೆನ್ನಿನಡಿ ಸಿಕ್ಕಿ ಗಂಟಾಗುತ್ತದೆ. ಬಾಚುವ ಕೈ ನಿಮ್ಮದಾದರೂ ನೋವು ಅವರದು. ಅವರು ಉದ್ದದ್ದೇ ಬೇಕೆಂದರೆ, ನೆಂಟರು ಬರುವ ಎರಡು ಗಂಟೆಗೆ ಹಾಕಿ, ಆಮೇಲೆ ತೆಗೆದಿಡುವಂಥದ್ದನ್ನು ತನ್ನಿ.

ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಭರತನಾಟ್ಯದ ರಂಗಪ್ರವೇಶಕ್ಕೆ ಉದ್ದ ಜಡೆ ಬೇಕೇ ಬೇಕು ಎನ್ನುತ್ತಾರೆ. ಅಂದಿನ ದಿನಕ್ಕೆ ಹಾಕಿ, ಅಭ್ಯಾಸದ ದಿನಗಳಲ್ಲಿ ಬೇಡ. "ತಲೆ ನೋಯುತ್ತಿದೆ" ಎಂದು ಮಗು ಹೇಳಿದರೆ ಮೊದಲು ಜಡೆ ಸಡಿಲಿಸಿ ನೋಡಿ.

ಕೂದಲು ಹೋದ ದುಃಖ ಸಣ್ಣದಲ್ಲ. ಕಾಯಿಲೆ ವಾಸಿಯಾದ ಮೇಲೂ ಕನ್ನಡಿಯಲ್ಲಿ ತಾನು ತಾನಾಗಿ ಕಾಣುತ್ತಿಲ್ಲ ಎಂದು ಅತ್ತವರನ್ನು ನಾನು ಕೌಂಟರ್‌ನ ಆಚೆ ಕಂಡಿದ್ದೇನೆ. ಅಂಥವರಿಗೆ "ಕೂದಲಿನದೇನು ಮಹಾ, ಜೀವ ಉಳಿಯಿತಲ್ಲ" ಎನ್ನಬೇಡಿ. ಜೊತೆಗೆ ಕೂತು, ದಾರ ಹಿಡಿದು ಅಳೆದುಕೊಡಿ. ಮುಂದಿನ ಬಾರಿ ಅಂಗಡಿಯವರು "ಎಷ್ಟು ಇಂಚು?" ಎಂದು ಕೇಳಿದಾಗ, ಈಗ ನಿಮ್ಮ ಕೂದಲು ನೋವಿಲ್ಲದೆ ಹೊರಬಲ್ಲಷ್ಟನ್ನೇ ಹೇಳಿ. ಉಳಿದ ಉದ್ದ ತಿಂಗಳಿಗೆ ಒಂದು ಸೆಂಟಿಮೀಟರ್‌ನಂತೆ ತಾನಾಗಿಯೇ ಬರುತ್ತದೆ.